ಚಾರು ಕಂಡದ್ದು, ನಮ್ಮ ಕಣ್ಣಿಗೆ ಬೀಳದ್ದು

ಮಾತು ಬೆರಳೆಣಿಕೆಯಷ್ಟು. ಹೊಡೆದಾಟವಿಲ್ಲ, ತಿರುವಿಲ್ಲ. ಒಂದು ಮನೆ, ಒಬ್ಬ ಹೆಣ್ಣುಮಗಳು, ಒಂದು ಮಧ್ಯಾಹ್ನ. ಸತ್ಯಜಿತ್ ರಾಯ್ ಅವರ ‘ಚಾರುಲತಾ’ ಶುರುವಾಗುವ ಆ ಸುಮಾರು 7 ನಿಮಿಷಗಳು ಮೊದಲ ನೋಟಕ್ಕೆ ಬರೀ ಬೇಸರದ ಚಿತ್ರದಂತೆ ಕಾಣುತ್ತವೆ. ಕಥೆ ಗೊತ್ತಾದ ಮೇಲೆ ಮತ್ತೊಮ್ಮೆ ನೋಡಿ: ಇಡೀ ದುರಂತ ಅಲ್ಲೇ ಬರೆದಿಟ್ಟಿರುತ್ತದೆ!

ಬಟ್ಟೆಯೊಳಗೆ ಸೂಜಿ ಇಳಿಯುತ್ತದೆ, ಮೇಲೇಳುತ್ತದೆ. ಕಸೂತಿ ರಿಂಗಿನಲ್ಲಿ ಬಿಗಿಯಾಗಿ ಸಿಕ್ಕಿಸಿದ ಕರವಸ್ತ್ರ. ಅದರ ಮೇಲೆ ಒಂದೊಂದೇ ಎಳೆಯಾಗಿ ಮೂಡುತ್ತಿರುವ ಇಂಗ್ಲಿಷ್ ಅಕ್ಷರ, ‘ಬಿ’. ಹೊಲಿಯುತ್ತಿರುವ ಕೈಗಳಿಗೆ ಅವಸರವೇ ಇಲ್ಲ. ಪರದೆಯ ಮೇಲೆ ನಟರ, ತಂತ್ರಜ್ಞರ ಹೆಸರುಗಳು ಬಂದು ಹೋಗುತ್ತವೆ. ಕೈಗಳು ಮಾತ್ರ ತಮ್ಮ ಪಾಡಿಗೆ ಹೊಲಿಯುತ್ತಲೇ ಇರುತ್ತವೆ.

ಗಡಿಯಾರ ನಾಲ್ಕು ಹೊಡೆಯುತ್ತದೆ. ಆ ಹೆಣ್ಣುಮಗಳು ಕಸೂತಿ ಬದಿಗಿಟ್ಟು ಎದ್ದು ಹೊರಗೆ ಬಂದು, ಆಳನ್ನು ಕೂಗಿ, ಯಜಮಾನರಿಗೆ ಚಹಾ ಒಯ್ಯುವಂತೆ ಹೇಳುತ್ತಾಳೆ. ಅಲ್ಲಿಗೆ ಅವಳ ಆ ಹೊತ್ತಿನ ಕೆಲಸ ಮುಗಿಯಿತು. ಇನ್ನು ಸಂಜೆಯವರೆಗಿನ ವೇಳೆಯನ್ನು ಏನು ಮಾಡುವುದು?

ಮೇ 2 ಸತ್ಯಜಿತ್ ರಾಯ್ ಹುಟ್ಟಿದ ದಿನ. 1921ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಈ ನಿರ್ದೇಶಕರ ಚಿತ್ರಗಳನ್ನು ವರ್ಷವರ್ಷವೂ ಈ ಹೊತ್ತಿಗೆ ಜನ ಮತ್ತೆ ಹುಡುಕಿ ನೋಡುತ್ತಾರೆ. ಹೆಚ್ಚಿನವರು ‘ಪಥೇರ್ ಪಾಂಚಾಲಿ’ಗೆ ಹೋಗುತ್ತಾರೆ. ಹೋಗಲೇಬೇಕು. ಆದರೆ ನೋಡುವುದು ಹೇಗೆ ಎಂಬುದನ್ನೇ ಕಲಿಸುವ ಚಿತ್ರ ಬೇಕೆಂದರೆ 1964ರ ‘ಚಾರುಲತಾ’ದ ಆರಂಭಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದೂ ಎರಡನೇ ಸಲ ನೋಡುವಾಗ.

ಕಥೆ ಇಷ್ಟೇ

ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ ‘ನಷ್ಟನೀಡ್’ ಎಂಬ ನೀಳ್ಗತೆ ಈ ಚಿತ್ರದ ಮೂಲ. ರಾಯ್ ಕಥೆಯನ್ನು 1879–80ರ ಕಲ್ಕತ್ತದಲ್ಲಿ ನಿಲ್ಲಿಸುತ್ತಾರೆ. ಭೂಪತಿ ಸಿರಿವಂತ, ಸಜ್ಜನ, ಆದರ್ಶವಾದಿ. ‘ದಿ ಸೆಂಟಿನೆಲ್’ ಎಂಬ ಇಂಗ್ಲಿಷ್ ಪತ್ರಿಕೆ ಅವನ ಉಸಿರು. ಪತ್ರಿಕೆಯ ಕಚೇರಿ, ಅಚ್ಚಿನ ಮನೆ ಎಲ್ಲವೂ ಅದೇ ಮನೆಯಲ್ಲಿ. ಹೆಂಡತಿ ಚಾರು ಅದೇ ಮನೆಯ ಒಳಕೋಣೆಗಳಲ್ಲಿ.

ಭೂಪತಿಯ ಕಿರಿಯ ಬಂಧು ಅಮಲ್ ಬರುತ್ತಾನೆ. ಅವನಿಗೆ ಸಾಹಿತ್ಯದ ಹುಚ್ಚು, ಚಾರುವಿಗೂ. ಸಲಿಗೆ ಬೆಳೆಯುತ್ತದೆ. ಅದು ಸಲಿಗೆಯನ್ನು ಮೀರಿದ್ದೆಂದು ಮೊದಲು ಚಾರುವಿಗೆ, ಆಮೇಲೆ ಅಮಲ್‌ಗೆ, ಎಲ್ಲರಿಗಿಂತ ಕೊನೆಗೆ ಭೂಪತಿಗೆ ತಿಳಿಯುತ್ತದೆ.

ಇಷ್ಟು ಗೊತ್ತಿಟ್ಟುಕೊಂಡು ಆರಂಭಕ್ಕೆ ಮರಳಿದರೆ ಆ 7 ನಿಮಿಷಗಳು ಬೇರೆಯೇ ಆಗಿ ಕಾಣುತ್ತವೆ.

ಒಂದು ಕರವಸ್ತ್ರದ ಪಯಣ

ಮೊದಲ ಸಲ ನೋಡುವವರಿಗೆ ಆ ‘ಬಿ’ ಬರೀ ಕಸೂತಿ. ಎರಡನೇ ಸಲ ನೋಡುವವರಿಗೆ ಗೊತ್ತು, ಅದು ಭೂಪತಿಯ ಹೆಸರಿನ ಮೊದಲ ಅಕ್ಷರ. ಗಂಡನ ಮುಖ ಪರದೆಗೆ ಬರುವ ಮೊದಲೇ ಹೆಂಡತಿಯ ಕೈಯಲ್ಲಿ ಅವನ ಹೆಸರಿದೆ. ಅವಳು ಅಮಲ್‌ನನ್ನು ಬಯಸಿದವಳು ಎಂದಷ್ಟೇ ನೆನಪಿಟ್ಟುಕೊಂಡವರು ಈ ಹೊಲಿಗೆಯನ್ನು ನೋಡಬೇಕು. ಚಿತ್ರ ಶುರುವಾಗುವುದು ಗಂಡನ ಮೇಲಿನ ಅವಳ ಅಕ್ಕರೆಯಿಂದ.

ಮುಂದೆ ಆ ಕರವಸ್ತ್ರ ಭೂಪತಿಯ ಕೈ ಸೇರುತ್ತದೆ. ಅವನಿಗೆ ನಿಜಕ್ಕೂ ಅಚ್ಚರಿ. ಇದನ್ನೆಲ್ಲ ಮಾಡಲು ಇವಳಿಗೆ ವೇಳೆ ಎಲ್ಲಿಂದ ಬಂತು ಎಂಬುದು ಅವನ ಪ್ರಶ್ನೆ. ವೇಳೆಯೊಂದೇ ಅವಳ ಬಳಿ ಬೇಕಾದಷ್ಟಿರುವುದು ಎಂಬುದನ್ನು ನಾವಾಗಲೇ ಕಣ್ಣಾರೆ ಕಂಡಿರುತ್ತೇವೆ. ಅವಳ ಒಂಟಿತನ ಆಗಷ್ಟೇ ಅವನಿಗೆ ಹೊಳೆಯುತ್ತದೆ. ಅದಕ್ಕೆ ಅವನು ಕಂಡುಕೊಳ್ಳುವ ಪರಿಹಾರವೆಂದರೆ ನೆಂಟರನ್ನು ಮನೆಗೆ ಕರೆಸುವುದು. ಜೊತೆಗೆ ತಾನೇ ಕೂರಬಹುದು ಎಂಬ ಯೋಚನೆ ಅವನಿಗೆ ಬರುವುದಿಲ್ಲ.

ಚಿತ್ರದ ಕೊನೆಗೆ, ಎಲ್ಲ ತಿಳಿದ ಮೇಲೆ, ಭೂಪತಿ ಕುದುರೆಗಾಡಿಯಲ್ಲಿ ಗುರಿಯಿಲ್ಲದೆ ಸುತ್ತುತ್ತಾನೆ. ಕಣ್ಣೊರೆಸಿಕೊಳ್ಳಲು ಅವನ ಕೈಗೆ ಬರುವುದು ಅದೇ ಕರವಸ್ತ್ರ. ಮೊದಲ ಚೌಕಟ್ಟಿನಲ್ಲಿ ಹಾಕಿದ ಎಳೆ ಕೊನೆಯ ರೀಲಿನಲ್ಲಿ ಬಿಗಿಯುತ್ತದೆ. ಎರಡು ಗಂಟೆ ಮೊದಲೇ ರಾಯ್ ಅದನ್ನು ನಮ್ಮ ಮುಂದೆ ಹಿಡಿದಿದ್ದರು. ನಮ್ಮ ಗಮನ ಹೆಸರುಗಳನ್ನು ಓದುವುದರ ಮೇಲಿತ್ತು.

ಕೈಕೆಲಸದ ಈ ಸಾಲು ಇಲ್ಲಿಗೇ ನಿಲ್ಲುವುದಿಲ್ಲ. ಗಂಡನಿಗೆಂದು ಚಾರು ಕಸೂತಿ ಹಾಕಿದ ಚಪ್ಪಲಿ ಅಮಲ್‌ನ ಪಾಲಾಗುತ್ತದೆ. ಅವಳ ಮನಸ್ಸು ಎತ್ತ ವಾಲಿತು ಎಂದು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕರವಸ್ತ್ರ ಎಲ್ಲಿಗೆ ಹೋಯಿತು, ಚಪ್ಪಲಿ ಎಲ್ಲಿಗೆ ಹೋಯಿತು ಎಂದು ಗಮನಿಸಿದರೆ ಸಾಕು.

ಬಂಕಿಮ್, ಬಂಕಿಮ್

ಚಹಾ ಹೇಳಿಬಂದ ಚಾರು ಪುಸ್ತಕದ ಬೀರುವಿನ ಮುಂದೆ ನಿಲ್ಲುತ್ತಾಳೆ. ‘ಬಂಕಿಮ್, ಬಂಕಿಮ್’ ಎಂದು ಹಾಡಿನಂತೆ ಗುನುಗಿಕೊಳ್ಳುತ್ತ ಬೆನ್ನುಗಳ ಮೇಲೆ ಕಣ್ಣಾಡಿಸುತ್ತಾಳೆ. ಹೊರತೆಗೆಯುವುದು ಬಂಕಿಮಚಂದ್ರರ ‘ಕಪಾಲಕುಂಡಲಾ’.

ಇದು ಯಾವುದೋ ಒಂದು ಪುಸ್ತಕವಲ್ಲ. 1866ರ ಈ ಕಾದಂಬರಿಯ ನಾಯಕಿ ಕಡಲಂಚಿನ ಕಾಡಿನಲ್ಲಿ ಜನರ ನಂಟಿಲ್ಲದೆ ಬೆಳೆದವಳು, ಮದುವೆಯಾಗಿ ಮನೆಯೊಳಗೆ ಬಂದ ಮೇಲೆ ಆ ಬಾಳಿಗೆ ಒಗ್ಗದೆ ಹೋದವಳು. ಚಾರು ಅದನ್ನು ಕೈಯಲ್ಲಿ ಹಿಡಿದು ನಡೆಯುವಾಗ ರಾಯ್ ಒಂದು ಮಾತನ್ನೂ ಸೇರಿಸುವುದಿಲ್ಲ. ಕಾದಂಬರಿ ಓದಿದವರಿಗೆ ಅದು ಕೇಳಿಸುತ್ತದೆ.

ಮುಂದೆ ಬೇಸಿಗೆಯ ಬಿರುಗಾಳಿಯ ಜೊತೆಗೇ ಅಮಲ್ ಮನೆಯೊಳಗೆ ನುಗ್ಗುತ್ತಾನೆ. ಅವನ ಬಾಯಲ್ಲಿ ಮೊದಲು ಬರುವುದೂ ಬಂಕಿಮರ ‘ಆನಂದಮಠ’ದ ಉದ್ಗಾರವೇ. ಒಬ್ಬಳೇ ಗುನುಗುತ್ತಿದ್ದ ಹೆಸರಿಗೆ ಹೊರಗಿನಿಂದ ಮಾರುತ್ತರ ಬಂದಂತಾಯಿತು. ಈ ಇಬ್ಬರು ಹತ್ತಿರವಾಗುವುದು ಏಕೆ ಎಂಬುದಕ್ಕೆ ಬೇರೆ ಪೀಠಿಕೆ ಬೇಕಿಲ್ಲ.

ಬಂಕಿಮರ ಈ ಮೋಡಿ ಬಂಗಾಳದಲ್ಲೇ ಉಳಿಯಲಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮರ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿ ಓದುವ ಮಂದಿ ಹುಟ್ಟಿಕೊಂಡದ್ದರಲ್ಲಿ ಆ ಅನುವಾದಗಳ ಪಾಲು ದೊಡ್ಡದು. ನಮ್ಮ ಹಳೆಯ ಮನೆಗಳಲ್ಲೂ ಅಡುಗೆ ಕೆಲಸ ಮುಗಿಸಿ, ನಡುಮನೆಯ ಕಂಬಕ್ಕೊರಗಿ, ಬಂಕಿಮರನ್ನು ಕನ್ನಡದಲ್ಲಿ ಓದಿದ ಹೆಣ್ಣುಮಕ್ಕಳಿದ್ದರು. ಚಾರುವಿನ ಗುನುಗು ಕನ್ನಡದ ಓದುಗರಿಗೆ ದೂರದ್ದಲ್ಲ.

ಬೀದಿ ಮುಂದುವರಿಯುತ್ತದೆ, ಕೋಣೆ ಮುಗಿಯುತ್ತದೆ

ಓದಿನಲ್ಲಿ ಮನಸ್ಸು ನಿಲ್ಲುವ ಮೊದಲೇ ಹೊರಗಿನಿಂದ ಸದ್ದು. ಕೋತಿ ಆಡಿಸುವವನ ಡುಗ್ಗಿಯ ಸದ್ದು. ಇಲ್ಲಿ ಗಮನಿಸಬೇಕಾದದ್ದು ಕ್ರಮ: ರಾಯ್ ಬೀದಿಯನ್ನು ಮೊದಲು ತೋರಿಸುವುದಿಲ್ಲ, ಕೇಳಿಸುತ್ತಾರೆ. ಚಾರುವಿಗೆ ಹೊರಲೋಕ ತಲುಪುವುದೂ ಹಾಗೆಯೇ. ಮೊದಲು ಕಿವಿಗೆ, ಆಮೇಲೆ ಕಿಟಕಿಯ ಸಂದಿನಿಂದ ಕಣ್ಣಿಗೆ.

ಮರದ ಅಡ್ಡಪಟ್ಟಿಗಳ ಕಿಟಕಿಬಾಗಿಲು. ಪಟ್ಟಿಯನ್ನು ಬೆರಳಿನಿಂದ ಮೇಲೆತ್ತಿ ನೋಡುತ್ತಾಳೆ. ಸಾಲದು. ಒಳಗೆ ಓಡಿ ಹಿಡಿಕೆಯಿರುವ ಪುಟ್ಟ ದುರ್ಬೀನು ತರುತ್ತಾಳೆ. ನಾಟಕಶಾಲೆಯಲ್ಲಿ ಸಿರಿವಂತರು ರಂಗದ ಮೇಲಿನವರನ್ನು ನೋಡಲು ಬಳಸುತ್ತಿದ್ದ ಬಗೆಯದು. ಅವಳ ಪಾಲಿಗೆ ಬೀದಿಯೇ ರಂಗ.

ಮೊದಲು ಕೋತಿ ಆಡಿಸುವವನು. ಆಮೇಲೆ ಪಲ್ಲಕ್ಕಿ ಹೊತ್ತು ದನಿಗೂಡಿಸುತ್ತ ಸಾಗುವವರು. ಕೊನೆಗೆ ಛತ್ರಿ ಹಿಡಿದು ಹೋಗುವ ಡೊಳ್ಳುಹೊಟ್ಟೆಯ ದಾರಿಹೋಕ. ಅವನು ಒಂದು ಕಿಟಕಿ ದಾಟಿದಂತೆ ಚಾರು ಮುಂದಿನ ಕಿಟಕಿಗೆ ಓಡುತ್ತಾಳೆ, ಅಲ್ಲಿಂದ ಮತ್ತೊಂದಕ್ಕೆ. ಮೊದಲ ಸಲ ನೋಡುವಾಗ ನಮ್ಮ ಕಣ್ಣು ಬೀದಿಯ ಆ ದಾರಿಹೋಕನ ಮೇಲಿರುತ್ತದೆ. ನಗುವೂ ಬರುತ್ತದೆ.

ಮತ್ತೊಮ್ಮೆ ನೋಡುವಾಗ ಬೀದಿಯನ್ನು ಬಿಟ್ಟು ಚಾರುವನ್ನೇ ನೋಡಿ. ಬೀದಿಯಲ್ಲಿರುವ ಎಲ್ಲರೂ ಎಲ್ಲಿಗೋ ಹೊರಟವರು. ಅವರಷ್ಟೇ ಹೆಜ್ಜೆಗಳನ್ನು ಇವಳೂ ಹಾಕುತ್ತಾಳೆ, ಅವರ ಪಕ್ಕದಲ್ಲೇ, ಗೋಡೆಯ ಈಚೆ. ಆದರೆ ಅವರ ಬೀದಿ ಮುಂದುವರಿಯುತ್ತದೆ, ಇವಳ ಕೋಣೆ ಮುಗಿದುಹೋಗುತ್ತದೆ. ಆ ಕೊನೆಯ ಕಿಟಕಿಯ ಬಳಿ ಅವಳು ನಿಂತುಬಿಡುವ ರೀತಿಯಲ್ಲಿ ಚಿತ್ರದ ನಿಜವಾದ ಕಥೆಯಿದೆ.

ಬಳಿಕ ಪಿಯಾನೋದ ಮುಚ್ಚಳ ತೆಗೆದು ಒಂದೇ ಒಂದು ಕೀಲಿ ಒತ್ತುತ್ತಾಳೆ. ಒಂಟಿ ಸ್ವರ. ರಾಗ ಮುಂದುವರಿಯುವುದಿಲ್ಲ.

ಬೆನ್ನನ್ನು ನೋಡುವ ದುರ್ಬೀನು

ಈಗ ಬೂಟಿನ ಸದ್ದು. ಭೂಪತಿ ಬರುತ್ತಾನೆ. ಮೊಗಸಾಲೆಯಲ್ಲಿ ಚಾರುವಿನ ಮುಂದೆಯೇ ಹಾದು ಕೋಣೆಗೆ ಹೋಗಿ, ಪುಸ್ತಕವೊಂದನ್ನು ತೆಗೆದುಕೊಂಡು, ಪುಟ ತಿರುವುತ್ತ ಅದೇ ದಾರಿಯಲ್ಲಿ ಮರಳುತ್ತಾನೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹೆಂಡತಿ ನಿಂತಿದ್ದಾಳೆ. ಅವನು ತಲೆಯೆತ್ತುವುದಿಲ್ಲ.

ಚಾರು ದುರ್ಬೀನನ್ನು ಕಣ್ಣಿಗೆ ಹಿಡಿದು ಅವನು ಹೋಗುವುದನ್ನು ನೋಡುತ್ತಾಳೆ. ದೂರದವರನ್ನು ಹತ್ತಿರ ತರಲು ಇರುವ ಸಾಧನ ಅದು. ಈಗ ಅದು ಬೇಕಾಗಿರುವುದು ಒಂದೇ ಸೂರಿನಡಿ ಬಾಳುವ ಗಂಡನನ್ನು ನೋಡಲು. ಕೋತಿಯವನು, ಪಲ್ಲಕ್ಕಿಯವರು, ಛತ್ರಿಯವನು, ಅವರ ಸಾಲಿಗೆ ಭೂಪತಿಯೂ ಸೇರಿದ: ಹಾದುಹೋಗುವ ಮತ್ತೊಬ್ಬ.

ಅವನು ಮರೆಯಾದ ಮೇಲೆ ದುರ್ಬೀನು ಹಿಡಿದ ಕೈ ಕೆಳಗಿಳಿಯುತ್ತದೆ. ಅದೇ ಕ್ಷಣಕ್ಕೆ ನೋಟ ಥಟ್ಟನೆ ಹಿಂದೆ ಸರಿದು ಚಾರು ಸಣ್ಣವಳಾಗುತ್ತಾಳೆ. ಅಷ್ಟು ಹೊತ್ತು ಅವಳ ಜೊತೆಜೊತೆಗೇ ಓಡಾಡಿದ ಕ್ಯಾಮೆರಾ ಕೂಡ ಅವಳನ್ನು ಬಿಟ್ಟು ದೂರವಾಯಿತು. ಒಂದು ಸೆಕೆಂಡಿನ ಈ ಚಲನೆ ತಪ್ಪಿದರೆ ದೃಶ್ಯದ ಮುಕ್ತಾಯವೇ ತಪ್ಪಿದಂತೆ.

ದುರ್ಬೀನು ಅಲ್ಲಿಗೇ ಮರೆಯಾಗುವುದಿಲ್ಲ. ತೋಟದ ಉಯ್ಯಾಲೆಯ ದೃಶ್ಯದಲ್ಲಿ ಚಾರು ಮತ್ತೆ ಅದನ್ನು ಹಿಡಿಯುತ್ತಾಳೆ. ನೆರೆಮನೆಯ ಕಿಟಕಿಯಲ್ಲಿ ಮಗುವನ್ನೆತ್ತಿಕೊಂಡ ತಾಯಿ ಕಾಣುತ್ತಾಳೆ. ಅಲ್ಲಿಂದ ನೋಟ ಬರೆಯುತ್ತ ಮಲಗಿರುವ ಅಮಲ್‌ನತ್ತ ತಿರುಗುತ್ತದೆ. ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಅವಳಿಗೆ ಅರಿವಾಗುವುದು ಆಗ. ಆರಂಭದ 7 ನಿಮಿಷಗಳಲ್ಲಿ ಆ ದುರ್ಬೀನಿಗೆ ನಾವು ಒಗ್ಗಿರದಿದ್ದರೆ ಈ ಮೌನದ ನೋಟ ಇಷ್ಟು ಮಾತಾಡುತ್ತಿರಲಿಲ್ಲ.

■ ಚಿತ್ರದ ಜಾತಕ

• ‘ಚಾರುಲತಾ’: 1964, ಬಂಗಾಳಿ, ಕಪ್ಪು-ಬಿಳುಪು. ನಿರ್ಮಾಪಕ: ಆರ್.ಡಿ. ಬನ್ಸಲ್.

• ತಾರಾಗಣ: ಮಾಧವಿ ಮುಖರ್ಜಿ (ಚಾರು), ಶೈಲೇನ್ ಮುಖರ್ಜಿ (ಭೂಪತಿ), ಸೌಮಿತ್ರ ಚಟರ್ಜಿ (ಅಮಲ್).

• ಚಿತ್ರಕಥೆ, ಸಂಗೀತ, ನಿರ್ದೇಶನ: ಸತ್ಯಜಿತ್ ರಾಯ್. ಛಾಯಾಗ್ರಹಣ: ಸುಬ್ರತ ಮಿತ್ರ. ಕಲೆ: ಬನ್ಸಿ ಚಂದ್ರಗುಪ್ತ. ಸಂಕಲನ: ದುಲಾಲ್ ದತ್ತ.

• ವರ್ಷದ ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ. 1965ರ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕನಿಗೆ ಬೆಳ್ಳಿ ಕರಡಿ. ಹಿಂದಿನ ವರ್ಷ ‘ಮಹಾನಗರ್’ಗೂ ಅದೇ ಪ್ರಶಸ್ತಿ ಬಂದಿತ್ತು.

• 2013ರಲ್ಲಿ ಕಾನ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಮತ್ತೆ ತೆರೆಕಂಡಿತು.

• ತಮ್ಮ ಚಿತ್ರಗಳಲ್ಲಿ ಅತಿ ಕಡಿಮೆ ಕೊರತೆಗಳಿರುವುದು ಇದರಲ್ಲೇ ಎಂದು ರಾಯ್ ಹೇಳಿಕೊಂಡಿದ್ದಾರೆ.

ಇಲ್ಲದ ಮನೆಯ ಇರುವ ಬೆಳಕು

ಆ ಮನೆ ನಿಜವಾದ ಮನೆಯಲ್ಲ. ಮೊಗಸಾಲೆ, ಹೂವಿನ ಚಿತ್ತಾರದ ಗೋಡೆಕಾಗದ, ಬೀರುಗಳು, ಕಿಟಕಿಬಾಗಿಲುಗಳು, ಎಲ್ಲವೂ ಸ್ಟುಡಿಯೋದಲ್ಲಿ ಬನ್ಸಿ ಚಂದ್ರಗುಪ್ತ ಕಟ್ಟಿದ ಸೆಟ್. ಅದು ತಿಳಿದ ಮೇಲೂ ಸೆಟ್ ಎನಿಸುವುದಿಲ್ಲ.

ಅದಕ್ಕೆ ಒಂದು ಕಾರಣ ಬೆಳಕು. 1956ರ ‘ಅಪರಾಜಿತೊ’ಗಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಮೇಲಿನಿಂದ ಇಳಿಯುವ ಹಗಲಿನ ಬೆಳಕನ್ನು ತರುವುದು ಹೇಗೆ ಎಂಬ ಪ್ರಶ್ನೆ ಸುಬ್ರತ ಮಿತ್ರರ ಮುಂದಿತ್ತು. ಅವರು ದೀಪಗಳನ್ನು ನಟರ ಮೇಲೆ ಬಿಡಲಿಲ್ಲ. ಬಿಳಿ ಬಟ್ಟೆಯ ಮೇಲೆ ಬಿಟ್ಟು, ಅಲ್ಲಿಂದ ಚಿಮ್ಮಿದ ಮೃದುವಾದ ಬೆಳಕನ್ನು ಬಳಸಿಕೊಂಡರು. ಗಡುಸು ನೆರಳುಗಳು ಮಾಯವಾದವು. ‘ಬೌನ್ಸ್ ಲೈಟಿಂಗ್’ ಎಂದು ಹೆಸರಾದ ಆ ವಿಧಾನ ‘ಚಾರುಲತಾ’ದ ಹೊತ್ತಿಗೆ ಚೆನ್ನಾಗಿ ಪಳಗಿತ್ತು. ಚಾರುವಿನ ಮುಖದ ಮೇಲಿರುವುದು ಬಾಗಿಲು ಮುಚ್ಚಿದ ಮನೆಯ ಮಧ್ಯಾಹ್ನದ ಬೆಳಕೇ. ಅದಕ್ಕೆ ಸೂರ್ಯನೇ ಇರಲಿಲ್ಲ ಎಂದು ಯಾರಿಗೂ ಅನ್ನಿಸದು.

ಮತ್ತೊಂದು ಕಾರಣ ಸಿದ್ಧತೆ. ರಾಯ್ ಚಿತ್ರಕಥೆ ಬರೆಯುತ್ತಿದ್ದುದು ಅಂಗಡಿಯವರು ಲೆಕ್ಕಕ್ಕೆ ಬಳಸುವಂಥ ಕೆಂಪು ರಟ್ಟಿನ ಖಾತೆ ಪುಸ್ತಕಗಳಲ್ಲಿ. ಪುಟದ ತುಂಬ ಮಾತಿನ ಜೊತೆ ಚೌಕಟ್ಟಿನ ರೇಖಾಚಿತ್ರಗಳು. ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿ ದುಡಿದಿದ್ದ ಅವರಿಗೆ ಎಲ್ಲಿ ಏನಿರಬೇಕು ಎಂಬುದು ಗೆರೆಯಲ್ಲೇ ನಿಶ್ಚಯವಾಗುತ್ತಿತ್ತು. ಈ ಹೊತ್ತಿಗೆ ಕ್ಯಾಮೆರಾವನ್ನೂ ತಾವೇ ನಡೆಸತೊಡಗಿದ್ದರು. ಚಾರುವಿನ ಹಿಂದೆ ಕಿಟಕಿಯಿಂದ ಕಿಟಕಿಗೆ ಸಾಗುವ ಆ ನೋಟದ ಹಿಂದೆ ಅವರದೇ ಕಣ್ಣಿದೆ.

ನಿರ್ದೇಶಕನೇ ಬಿಡಿಸಿ ಹೇಳಿದ್ದು

ಚಿತ್ರ ಬಿಡುಗಡೆಯಾದಾಗ ಠಾಕೂರರ ಕಥೆಯನ್ನು ಬದಲಿಸಿದ್ದಾರೆ ಎಂಬ ಆಕ್ಷೇಪ ಕಟುವಾಗಿಯೇ ಬಂತು. ಅಶೋಕ್ ರುದ್ರ ಅವರ ಟೀಕೆಗೆ ರಾಯ್ ‘ಪರಿಚಯ್’ ಎಂಬ ಬಂಗಾಳಿ ಪತ್ರಿಕೆಯಲ್ಲಿ ದೀರ್ಘವಾದ ಉತ್ತರ ಬರೆದರು. ತಮ್ಮ ಚಿತ್ರಗಳ ಬಗ್ಗೆ ವಿವರಣೆ ಕೊಡಲು ಹೆಚ್ಚು ಒಲವಿಲ್ಲದ ಅವರು ಅಲ್ಲಿ ಈ ಆರಂಭದ ದೃಶ್ಯವನ್ನೂ ಎತ್ತಿಕೊಂಡು ತಮ್ಮ ಉದ್ದೇಶವನ್ನು ತೆರೆದಿಟ್ಟರು.

ಅವರ ವಾದದ ತಿರುಳು ಸರಳ. ಒಬ್ಬಳು ಒಂಟಿ ಎಂದು ಕಥೆಗಾರ ಕೆಲವು ಸಾಲುಗಳಲ್ಲಿ ಹೇಳಬಹುದು. ಸಿನಿಮಾ ಅದನ್ನು ಹೇಳಬಾರದು, ಕಾಣಿಸಬೇಕು. ಕಾಣಿಸಬೇಕೆಂದರೆ ಕಸೂತಿ ಬೇಕು, ಗಡಿಯಾರ ಬೇಕು, ಕಿಟಕಿ ಬೇಕು, ನಡೆದುಹೋಗುವ ಗಂಡ ಬೇಕು. ಇಲ್ಲಿನ ಯಾವ ವಸ್ತುವೂ ಅಲಂಕಾರಕ್ಕಿಟ್ಟದ್ದಲ್ಲ ಎಂದು ಸೃಷ್ಟಿಕರ್ತನೇ ಹೇಳಿದ ಮೇಲೆ, ನಿಧಾನವಾಗಿ ನೋಡುವುದು ನೋಡುಗರ ಹೊಣೆ.

■ ಮತ್ತೆ ನೋಡುವವರಿಗೆ

• ಒಮ್ಮೆ ಸದ್ದು ನಿಲ್ಲಿಸಿ ನೋಡಿ. ಯಾರು ಯಾರನ್ನು ನೋಡುತ್ತಾರೆ, ಯಾರು ನೋಡುವುದಿಲ್ಲ ಎಂಬುದು ಎದ್ದು ಕಾಣುತ್ತದೆ.

• ಒಮ್ಮೆ ಕಣ್ಣು ಮುಚ್ಚಿ ಕೇಳಿ. ಗಡಿಯಾರ, ಡುಗ್ಗಿ, ಪಲ್ಲಕ್ಕಿಯವರ ದನಿ, ಪಿಯಾನೋ, ಬೂಟು: ಇಡೀ ದೃಶ್ಯ ಸದ್ದಿನಲ್ಲೂ ಇದೆ.

• ಒಂದು ವಸ್ತುವನ್ನು ಹಿಡಿದು ಚಿತ್ರದ ಕೊನೆಯವರೆಗೂ ಹಿಂಬಾಲಿಸಿ. ಕರವಸ್ತ್ರದಿಂದ ಶುರುಮಾಡಬಹುದು.

• ಕ್ಯಾಮೆರಾ ಯಾವಾಗ ಪಾತ್ರದ ಜೊತೆ ಚಲಿಸುತ್ತದೆ, ಯಾವಾಗ ಬಿಟ್ಟು ನಿಲ್ಲುತ್ತದೆ ಎಂದು ಗಮನಿಸಿ.

ಹೆಗ್ಗೋಡು ಕಲಿಸಿದ ನೋಟ

ಹೀಗೆ ನೋಡುವುದನ್ನು ಕನ್ನಡದವರಿಗೆ ಯಾರೂ ಕಲಿಸಿಲ್ಲ ಎನ್ನುವಂತಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಮ್ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟಗಳ ನಡುವಿನ ಹಳ್ಳಿಗೆ ಜಗತ್ತಿನ ಸಿನಿಮಾಗಳನ್ನು ತಂದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರ್ ಅಲ್ಲಿಗೆ ಬಂದು ಚಿತ್ರರಸಗ್ರಹಣ ಶಿಬಿರಗಳನ್ನು ನಡೆಸಿದರು. ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಅಭ್ಯಾಸ ಮಾಡಿದವರು ಅವರು. ರೈತರು, ಮೇಷ್ಟ್ರುಗಳು, ಗೃಹಿಣಿಯರು ಕೂತು, ಒಂದು ದೃಶ್ಯವನ್ನು ನಿಲ್ಲಿಸಿ ಮತ್ತೆ ನೋಡಿ, ಏನು ಕಂಡಿತು ಎಂದು ಮಾತಾಡಿದ ಊರು ಅದು.

ಆಗ ದೃಶ್ಯವೊಂದನ್ನು ಮತ್ತೆ ನೋಡಬೇಕೆಂದರೆ ರೀಲಿನ ಡಬ್ಬಿ ಬರಬೇಕಿತ್ತು, ಪ್ರೊಜೆಕ್ಟರ್ ಬೇಕಿತ್ತು, ಕರೆಂಟು ಇರಬೇಕಿತ್ತು. ಈಗ ಬೆರಳ ತುದಿಯಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು. ಸಾಧನ ಸುಲಭವಾಗಿದೆ. ಆದರೆ ಅದೇ ಬೆರಳು ದೃಶ್ಯವನ್ನು ಮುಂದಕ್ಕೆ ಓಡಿಸಲೂ ಅಷ್ಟೇ ಚುರುಕು. ಹೆಚ್ಚು ಮಾತಿಲ್ಲದ ಆ 7 ನಿಮಿಷಗಳನ್ನು ಹಾರಿಸಿಬಿಟ್ಟವರಿಗೆ ‘ಚಾರುಲತಾ’ದಲ್ಲಿ ಒಂದು ಪ್ರೇಮಪ್ರಸಂಗ ಮಾತ್ರ ಉಳಿಯುತ್ತದೆ.

ಭೂಪತಿಯ ತಪ್ಪು

ಭೂಪತಿ ಕೆಟ್ಟವನಲ್ಲ. ಈ ಚಿತ್ರದ ದೊಡ್ಡತನ ಇರುವುದೇ ಅಲ್ಲಿ. ಅವನು ಬೈಯುವುದಿಲ್ಲ, ಹೊಡೆಯುವುದಿಲ್ಲ, ಹೆಂಡತಿಯ ಮೇಲೆ ಅವನಿಗೆ ಪ್ರೀತಿಯೂ ಇದೆ. 1880ರಲ್ಲಿ ಇಂಗ್ಲೆಂಡಿನ ಚುನಾವಣೆಯಲ್ಲಿ ಗ್ಲ್ಯಾಡ್‌ಸ್ಟನ್ನರ ಲಿಬರಲ್ ಪಕ್ಷ ಗೆದ್ದಾಗ ಮನೆಯಲ್ಲಿ ಗೆಳೆಯರ ಕೂಟ ಸೇರಿಸಿ ಹಬ್ಬ ಮಾಡುತ್ತಾನೆ. ಸಾವಿರಾರು ಮೈಲಿ ಆಚೆಯ ಪಾರ್ಲಿಮೆಂಟು ಅವನಿಗೆ ಸ್ಪಷ್ಟವಾಗಿ ಕಾಣುತ್ತದೆ. ಮೊಗಸಾಲೆಯಲ್ಲಿ ನಿಂತವಳು ಕಾಣುವುದಿಲ್ಲ. ಅವನ ಕೊರತೆ ಪ್ರೀತಿಯದಲ್ಲ, ಗಮನದ್ದು.

ಮೊದಲ ಸಲ ಈ ದೃಶ್ಯವನ್ನು ನೋಡುವ ನಾವೂ, ಕಥೆ ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತ, ಅವಳ ಮುಂದೆ ಹಾದುಹೋಗಿಬಿಡುತ್ತೇವೆ. ರಾಯ್ ದೃಶ್ಯವನ್ನು ಕಟ್ಟಿದ ಬಗೆಯೇ ಹಾಗಿದೆ. ನೋಡುವುದನ್ನು ಕುರಿತ ದೃಶ್ಯ ಅದು, ನೋಡುವವರನ್ನೂ ಪರೀಕ್ಷಿಸುತ್ತದೆ. ಕಥೆ ತಿಳಿದ ಮೇಲೆ ಕುತೂಹಲ ಹೋಗುತ್ತದೆ ಎಂದು ನಾವು ಎಣಿಸುತ್ತೇವೆ. ನಿಜದಲ್ಲಿ ಹೋಗುವುದು ಅವಸರ. ಅವಸರ ಹೋದ ಮೇಲೆ ಬೀರುವಿನ ಪುಸ್ತಕ ಕಾಣುತ್ತದೆ, ಒಂಟಿ ಸ್ವರ ಕೇಳುತ್ತದೆ, ಹೊಲಿಗೆಯ ಎಳೆಯಲ್ಲಿ ಒಂದು ಹೆಸರು ಓದಲು ಸಿಗುತ್ತದೆ.

ಕನ್ನಡದಲ್ಲೂ ಇಂಥ ಮರುನೋಟಕ್ಕೆ ಕಾದಿರುವ ಚಿತ್ರಗಳಿವೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಫಿಲ್ಮಿನ ಗೀರು, ಧೂಳು ತೆಗೆದು ಚಿತ್ರವನ್ನು ಉಳಿಸಿಕೊಡುವ ಕೆಲಸ ತಜ್ಞರದು, ಅದಕ್ಕೆ ಹಣ ಬೇಕು, ವರ್ಷಗಳು ಬೇಕು. ಉಳಿದ ಅರ್ಧ ಕೆಲಸ ನಮ್ಮದು. ಈ ಮೇ ತಿಂಗಳಲ್ಲಿ ಯಾವುದಾದರೂ ಒಂದು ಹಳೆಯ ಚಿತ್ರವನ್ನು, ಕಥೆ ಪೂರ್ತಿ ಗೊತ್ತಿರುವ ಚಿತ್ರವನ್ನೇ ಆರಿಸಿಕೊಂಡು, ಮನೆಯವರನ್ನು ಜೊತೆಗೆ ಕೂರಿಸಿಕೊಂಡು ಮತ್ತೆ ನೋಡಿ. ಒಂದು ದೃಶ್ಯದಲ್ಲಿ ನಿಲ್ಲಿಸಿ, ನಿಮಗೇನು ಕಂಡಿತು ಎಂದು ಅವರನ್ನು ಕೇಳಿ. ಉತ್ತರ ಕೇಳುವಾಗ ಪರದೆಯಿಂದ ಕಣ್ಣು ತೆಗೆದು ಅವರನ್ನೂ ನೋಡಿ.